ಸೋರದ ಕೋಣೆ

ಹಿತ್ತಲಲ್ಲಿ ಬಯಲಿಗೆ ಕೂತಿದ್ದ ಪುಟ್ಟಿ ಕಿರುಚಿಕೊಂಡಳು. ಅಮ್ಮ ಓಡಿಹೋಗಿ ನೋಡಿದರೆ ಹೇಲಿನಲ್ಲಿ ಗೇಣುದ್ದದ ಬಿಳಿ ಹುಳ. ಇನ್ನೂ ಮಿಸುಕಾಡುತ್ತಿತ್ತು.

ನರ್ಸ್ ಬಂದು ಪುಟ್ಟಿಗೆ ಮಾತ್ರೆ ಅಗಿಸಿದಳು. ಕಣ್ಣಿನ ರೆಪ್ಪೆ ಎಳೆದು ನೋಡಿದಳು. "ರಕ್ತ ಎಲ್ಲಿದೆ ಈ ಮಗೂಗೆ? ಬಯಲಿಗೆ ಹೋಗೋದು ನಿಲ್ಲಿಸದಿದ್ರೆ ಎಷ್ಟು ಮಾತ್ರೆ ನುಂಗಿಸಿದ್ರೂ ಹುಳ ಮತ್ತೆ ಬರುತ್ತೆ. ಕಕ್ಕಸು ಕಟ್ಟಿಕೊಟ್ಟಿದಾರಲ್ಲ, ಅದಕ್ಯಾಕೆ ಬೀಗ?"

ಪುಟ್ಟಿಯ ಅಮ್ಮ ತನ್ನ ಅತ್ತೆಯ ಮುಖ ನೋಡಿದಳು.

"ಒಳಗೆ ಬೀಜ ಇದೆ. ಅಲಸಂದೆ," ಎಂದಳು ಅಜ್ಜಿ.

"ಕಕ್ಕಸಲ್ಲಿ ಬೀಜಾನಾ?" ಎಂದಳು ನರ್ಸ್.

"ಮತ್ತೆಲ್ಲಿಡ್ಲಿ, ನಿನ್ನ ತಲೆ ಮೇಲಾ? ಮನುಷ್ಯರು ಮಲಗೋಕೆ ಸೋರೋ ತಗಡು. ಹೇಲೋಕೆ ಮಾತ್ರ ತಾರಸಿ! ಜಮೀನು ಕೊಟ್ಟ ದಿನ ನಾನೇನು ಬಿತ್ತಲಿ, ನಿನ್ನ ಮಾತ್ರೆನಾ?"

ಅಣೆಕಟ್ಟಿಗಾಗಿ ಊರು ಮುಳುಗಿಸಿದವರು ಇವರನ್ನೆಲ್ಲ ಲಾರಿಗೆ ತುಂಬಿ ಈ ಕಾಲೋನಿಯಲ್ಲಿ ಸುರಿದುಹೋಗಿದ್ದರು. ಬದಲಿಗೆ ಕೊಡುತ್ತೇವೆಂದಿದ್ದ ಜಮೀನು ಕೇಳಿದರೆ ಇವತ್ತು ನಾಳೆ ಅನ್ನುತ್ತಿದ್ದರು. ಅಜ್ಜಿ ಬೀಜಕ್ಕೆ ಬೂದಿ ಬೆರೆಸಿ, ಬಿಸಿಲು ತೋರಿಸಿ, ಮಗುವಿನಂತೆ ಕಾಯುತ್ತಿದ್ದಳು.

ಸೊಸೆ ಎಂದೂ ದನಿ ಎತ್ತಿದವಳಲ್ಲ. "ಜಮೀನು ಬರೋ ಹೊತ್ತಿಗೆ ಇವಳು ಇರಬೇಕಲ್ಲ, ಅತ್ತೆ!"

ಅಜ್ಜಿ ಪುಟ್ಟಿಯನ್ನು ನೋಡಿದಳು. ಕಡ್ಡಿಯಂಥ ಕೈಕಾಲು, ಗಡಿಗೆಯಂಥ ಹೊಟ್ಟೆ. ಸೊಂಟದಿಂದ ಕೀಲಿ ಬಿಚ್ಚಿ ಸೊಸೆಯ ಕೈಗಿಟ್ಟಳು. ಬೀಜದ ಮೂಟೆಯನ್ನು ತಾನೇ ಹೊರಗೆಳೆದಳು. ಮನೆಯೊಳಗಿಟ್ಟರೆ ನೆನೆದು ಕೊಳೆಯುತ್ತದೆ. ಗುದ್ದಲಿ ಎತ್ತಿ ಹಿತ್ತಲಿಗೆ ನಡೆದಳು.

"ಬರಿಗಾಲಲ್ಲಿ ಇಳೀಬೇಡಿ ಅಜ್ಜಿ, ಕೊಕ್ಕೆಹುಳ ಅಂಗಾಲಿಂದ ಹತ್ತುತ್ತೆ!" ನರ್ಸ್ ಬೈದು ಚಪ್ಪಲಿ ಹಾಕಿಸಿದಳು.

ಬೀದಿಯವರೆಲ್ಲ ಬಯಲಿಗೆ ಕೂರುತ್ತಿದ್ದ ಜಾಗ ಅದು. ನಾಲ್ಕು ಹೆಜ್ಜೆ ಹಾಕಿದರೆ ಮುಗಿಯಿತು. ಅಗೆದಳು, ಬಿತ್ತಿದಳು. ಮಿಕ್ಕ ಬೀಜ ಬೀದಿಗೆಲ್ಲ ಹಂಚಿದಳು.

ನರ್ಸ್ ಮತ್ತೆ ಬಂದಾಗ ಪುಟ್ಟಿಯ ಕೆನ್ನೆಗೆ ಬಣ್ಣ ಬಂದಿತ್ತು. ಹಿತ್ತಲಲ್ಲಿ ಅಲಸಂದೆ ಹೂ ಬಿಟ್ಟಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನ ಹಳೇ ಚಾಳಿಯಂತೆ ಚೊಂಬು ಹಿಡಿದು ಬಂದ.

ಅಜ್ಜಿ ಕೋಲೆತ್ತಿದಳು. "ಏಯ್, ಕಣ್ಣು ಕಾಣಲ್ವಾ? ಹೊಲ ಕಣೋ ಅದು, ನನ್ನ ಹೊಲ!"

"ನಮ್ಮ ಕಕ್ಕಸಲ್ಲಿ ಸೌದೆ ತುಂಬಿದೆ ಅಕ್ಕಾ, ಎಲ್ಲಿ ಹೋಗ್ಲಿ?"

"ಸೌದೆ ಎಳೆದು ಹೊರಗೆ ಹಾಕು!"

ಅವನೂ ಒಂದು ಕಾಲಕ್ಕೆ ಹೊಲ ಉತ್ತವನೇ. ಆ ಎರಡು ಸಾಲು ಬಳ್ಳಿಯನ್ನು ನೋಡಿದ. ಆಮೇಲೆ, ಅಲ್ಲಿಲ್ಲದ ಬದುವಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು, ಒಂದು ಎಲೆಯನ್ನೂ ತುಳಿಯದೆ ವಾಪಸ್ಸು ಹೋದ.