ಅಕ್ಕನ ಕೈ ಸೋಕಿದರೆ ನಿದ್ದೆ

ಅಕ್ಕ ಕೀಬೋರ್ಡಿನ ಮೇಲೆ ಎಡಗೈ ಇಟ್ಟಳೋ ಇಲ್ಲವೋ, ಪರದೆ ಮತ್ತೆ ಕಪ್ಪಾಯಿತು. "ನೋಡಿದ್ಯಾ? ನಿನ್ನ ಕೈಲಿದ್ರೆ ಕುಣಿಯುತ್ತೆ, ನನ್ನ ಕಂಡ್ರೆ ಕಣ್ಣು ಮುಚ್ಚುತ್ತೆ. ಗುಜರಿಗೆ ಹಾಕೋ ಅಂದ್ರೆ ಕೇಳಲ್ಲ ನೀನು."

ಹೊಲಿಗೆಯ ನಕ್ಷೆ ಬರೆದುಕೊಳ್ಳಲೆಂದು ತಮ್ಮನೇ ಅವಳಿಗೆ ಕೊಟ್ಟಿದ್ದ ಹಳೆಯ ಅಂಗೈ ಕಂಪ್ಯೂಟರ್ ಅದು. ಮಡಚಿದರೆ ಕನ್ನಡಕದ ಡಬ್ಬಿಯಷ್ಟೇ. ಹೊಸ ಬ್ಯಾಟರಿ ಹಾಕಿದ್ದಾಗಿತ್ತು, ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಅಳಿಸಿ ಮತ್ತೆ ತುಂಬಿದ್ದಾಗಿತ್ತು. ಇವತ್ತು ಬಿಚ್ಚಿಯೇ ಬಿಡುವುದೆಂದು ಸ್ಕ್ರೂಡ್ರೈವರ್ ಹಿಡಿದು ಬಂದಿದ್ದವನು ಅದನ್ನು ಮೆಲ್ಲಗೆ ಕೆಳಗಿಟ್ಟ. "ಅಕ್ಕಾ, ಕೈ ತೆಗೀಬೇಡ." ಹೊಲಿಗೆಗೆ ಕೂತಾಗ ಅವಳು ಎಡ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಯ ಮೇಲೆ ಗುಂಡುಪಿನ್ನುಗಳು ಮುಳ್ಳುಹಂದಿಯ ಮುಳ್ಳುಗಳಂತೆ ಎದ್ದು ನಿಂತಿದ್ದವು. ಚುಚ್ಚಿದ್ದಲ್ಲ, ಅಂಟಿಕೊಂಡಿದ್ದವು. "ಇದ್ರೊಳಗೆ ಅಯಸ್ಕಾಂತ ಇದೆಯಾ?"

"ಮತ್ತೆ, ಪಿನ್ನುಗಳೇನು ನನ್ನ ಮೇಲಿನ ಪ್ರೀತಿಗೆ ಅಂಟ್ಕೊಂಡಿವೆಯಾ?"

ತಮ್ಮ ಪಟ್ಟಿ ಬಿಚ್ಚಿ ದೂರ ಹಿಡಿದ, ಪರದೆ ಬೆಳಗಿತು. ಕೀಬೋರ್ಡಿನ ಎಡ ಅಂಚಿಗೆ ತಂದ, ಆರಿತು. ದೂರ, ಹತ್ತಿರ, ಮತ್ತೆ ದೂರ. ಆಟದ ಸಾಮಾನು ಸಿಕ್ಕವನಂತೆ ಅವನಿಗೆ ನಗು ತಡೆಯಲಾಗಲಿಲ್ಲ. "ಇದರ ಮುಚ್ಚಳದಲ್ಲೂ ಒಂದು ಚೂರು ಅಯಸ್ಕಾಂತ ಇದೆ ಅಕ್ಕಾ. ಅದು ಹತ್ತಿರ ಬಂದ್ರೆ, ಮುಚ್ಚಿದ್ರು ಅಂತ ಇದು ಮಲಗುತ್ತೆ. ಇಷ್ಟು ದಿನ ನಿನ್ನ ಕೈನೇ ಮುಚ್ಚಳ ಅಂದ್ಕೊಂಡಿತ್ತು."

ಇನ್ನು ಪಟ್ಟಿಯನ್ನು ಬಲಗೈಗೆ ಕಟ್ಟಿಕೊಳ್ಳುತ್ತಾಳೆಂದು ಅವನು ಕಾದ. ಅಕ್ಕ ಎಡಗೈಗೇ ಕಟ್ಟಿಕೊಂಡಳು. ಕತ್ತರಿ ಎತ್ತಿಕೊಳ್ಳುವ ಮುಂಚೆ, ಬೇಕೆಂದೇ, ಮಣಿಕಟ್ಟನ್ನು ಕೀಬೋರ್ಡಿನ ಅಂಚಿಗೆ ತಂದಳು. ಪರದೆ ಆರಿತು.

"ನಾನು ಕತ್ತರಿ ಎತ್ಕೊಳ್ಳೋವರೆಗಾದ್ರೂ ಮಲಗಿರಲಿ," ಎಂದಳು. "ಪಾಪ, ವಯಸ್ಸಾಗಿದೆ."