ಅರ್ಧ ರೇಟಿನ ರೂಮು

"ರೀ, ಕಿಟಕಿಯ ಕೆಳಗೇ ರೈಲು!"

ಹೆಂಡತಿ ಹೆಗಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಗೂಡ್ಸ್ ಗಾಡಿಯೊಂದು ಲಾಡ್ಜಿನ ಗೋಡೆಯನ್ನು ಸವರಿಕೊಂಡು ಹೋಗುವಂತೆ ಹಾದುಹೋಯಿತು. ಕಿಟಕಿಯ ಗಾಜು ಗಡಗಡ ಅಂದಿತು, ಮೇಜಿನ ಮೇಲಿದ್ದ ಸ್ಟೀಲ್ ಲೋಟ ತಾನಾಗಿಯೇ ಅಂಚಿನತ್ತ ಸರಿಯಿತು. ಐದು ವರ್ಷದ ಗುಬ್ಬಿ ಮಾತ್ರ ಏನೂ ಆಗದವಳಂತೆ ಮಂಚ ಹತ್ತಿ ಕುಣಿಯುತ್ತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ.

ಗಂಡ ಫ್ಯಾನ್ ಹಾಕಿ, ಶೂ ಬಿಚ್ಚುತ್ತಾ ಕೂತ. ಮುಖದಲ್ಲಿ ಏನೋ ಗೆದ್ದ ಕಳೆ. "ಆಸ್ಪತ್ರೆಗೆ ನಡ್ಕೊಂಡು ಹೋಗಬಹುದು. ಸ್ಟೇಷನ್ ಎದುರಿಗೇ ಇದೆ. ಊಟಕ್ಕೆ ಕೆಳಗಿಳಿದರೆ ಆಯ್ತು. ಇಷ್ಟು ದೊಡ್ಡ ಊರಲ್ಲಿ, ಇಂಥ ಜಾಗದಲ್ಲಿ, ಅರ್ಧ ರೇಟಿಗೆ ರೂಮು ಯಾರಿಗೆ ಸಿಗುತ್ತೆ ಹೇಳು?"

"ಅರ್ಧ ರೇಟಿಗೆ ಯಾಕೆ ಕೊಟ್ಟರು ಅಂತ ಕೇಳಿದ್ರಾ?"

"ಕೇಳೋದೇನು, ಫೋನಲ್ಲೇ ಇದೆಯಲ್ಲ. ಇಳಿದುಕೊಂಡು ಹೋದವರೆಲ್ಲ ಬೈದು ಬರೆದಿದಾರೆ. ಗಲಾಟೆ, ಕಣ್ಣು ಮುಚ್ಚೋಕೇ ಆಗಲ್ಲ ಅಂತ. ನಾನು ಬೇಕು ಅಂತಲೇ ಅಂಥದ್ದನ್ನ ಹುಡುಕಿದೆ. ಹಾಗೆ ಬರೆದವರೆಲ್ಲ ಕಿವಿ ಇರೋರು. ನಾವಿಬ್ಬರು ಹೇಗೋ ಹತ್ತಿ ತುರುಕಿಕೊಂಡು ಮಲಗಿದರಾಯ್ತು. ಇವಳಿಗಂತೂ ತೊಂದರೆಯೇ ಇಲ್ಲ." ಮಗಳತ್ತ ಗದ್ದ ಎತ್ತಿ ತೋರಿಸಿ ನಕ್ಕ. "ನಮ್ಮ ಗುಬ್ಬಿಯ ಪುಣ್ಯದಿಂದ ಅರ್ಧ ದುಡ್ಡು ಉಳೀತು ನೋಡು."

ಚೀಲ ಧೊಪ್ಪನೆ ನೆಲಕ್ಕೆ ಬಿತ್ತು.

"ನಾವು ಈ ಊರಿಗೆ ಬಂದಿರೋದು ಯಾತಕ್ಕೆ ರೀ?"

"ಇದೇನು, ಹೊಸದಾಗಿ ಕೇಳ್ತೀಯ?"

"ಹೇಳಿ. ಯಾತಕ್ಕೆ ಬಂದಿದೀವಿ?"

ಅವನು ಬಗ್ಗಿ ಇನ್ನೊಂದು ಶೂವಿನ ಲೇಸು ಎಳೆಯತೊಡಗಿದ. ಹೋದ ತಿಂಗಳು ಗುಬ್ಬಿಯ ಕಿವಿಯ ಹಿಂದೆ ಆಪರೇಷನ್ ಆಗಿತ್ತು. ನಾಳೆ ಬೆಳಿಗ್ಗೆ ಅವಳ ಕಿವಿಗೆ ಸದ್ದು ಕೇಳಿಸುವ ಮೆಷಿನ್ ಹಾಕಿ ಚಾಲೂ ಮಾಡುತ್ತಾರೆ. ಆಮೇಲೆ ಒಂದು ವಾರ ದಿನಾ ಆಸ್ಪತ್ರೆಗೆ ಹೋಗಿ ಅದನ್ನು ಹದಕ್ಕೆ ತರಿಸಿಕೊಳ್ಳಬೇಕು. ಮಾತು ಕಲಿಸುವ ಟೀಚರ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ಮೊದಮೊದಲು ಒಂದೊಂದೇ ಸದ್ದು ಕೇಳಲಿ. ನೀವು ಕರೆಯೋದು, ಚಮಚ ಬೀಳೋದು, ಬಾಗಿಲು ಹಾಕೋದು. ಸದ್ದುಗದ್ದಲ ಇಲ್ಲದ ಕಡೆ ಇಟ್ಟುಕೊಳ್ಳಿ. ಒಮ್ಮೆಲೇ ದೊಡ್ಡ ಸದ್ದು ಮೈಮೇಲೆ ಬಿದ್ದರೆ ಮಗು ಹೆದರಿ ಮೆಷಿನ್ ಕಿತ್ತೆಸೆಯುತ್ತೆ. ಹಾಗೆ ಹೆದರಿದ ಮಕ್ಕಳಿಗೆ ಮತ್ತೆ ಅದನ್ನ ಹಾಕಿಸೋದು ಬಹಳ ಕಷ್ಟ." ಆಗ ಇವನೂ ತಲೆಯಾಡಿಸಿದ್ದ.

ಹೆಂಡತಿ ಅದಕ್ಕೆಂದೇ ಬೇರೊಂದು ಜಾಗ ಹುಡುಕಿ ತೋರಿಸಿದ್ದಳು. ಊರಂಚಿನಲ್ಲಿ, ಹೂಗಿಡ ಮಾರುವ ನರ್ಸರಿಯ ಪಕ್ಕ, ಸ್ಕೂಟರ್ ಕೂಡ ತಿರುಗದ ಓಣಿಯಲ್ಲಿ ಸಣ್ಣದೊಂದು ವಸತಿಗೃಹ. ಆಸ್ಪತ್ರೆಗೆ ದಿನಾ ಎರಡು ಬಸ್ಸು ಬದಲಿಸಬೇಕು. "ನಾವು ಹೋಗ್ತಿರೋದು ಆಸ್ಪತ್ರೆಗೋ, ಗಿಡಕ್ಕೆ ನೀರು ಹಾಕೋಕೋ?" ಎಂದು ಅವನು ಆ ಮಾತನ್ನು ಅಲ್ಲಿಗೇ ಹಾರಿಸಿಬಿಟ್ಟಿದ್ದ.

ಅವಳು ರೂಮಿನ ಫೋನೆತ್ತಿ ಕೌಂಟರಿನವನನ್ನು ಕೇಳಿದಳು: "ಹಿಂದುಗಡೆ ರೂಮು ಇದೆಯಾ? ಸದ್ದಿಲ್ಲದ್ದು?"

"ಇದೆ ಮೇಡಂ. ಆದರೆ ಆ ಕಡೆ ಜನರೇಟರ್ ಇದೆ. ರೈಲಾದರೂ ಬಂದು ಹೋಗುತ್ತೆ, ಅದು ಎಲ್ಲಿಗೂ ಹೋಗಲ್ಲ."

ಫೋನಿಟ್ಟು ಗುಬ್ಬಿಯ ಚಪ್ಪಲಿ ಕೈಗೆತ್ತಿಕೊಂಡಳು. "ಏಳಿ. ನರ್ಸರಿ ಹತ್ತಿರದ ರೂಮಿಗೇ ಹೋಗೋಣ."

"ತಲೆ ಕೆಟ್ಟಿದೆಯೇನೆ? ಇಡೀ ವಾರದ ದುಡ್ಡು ಮುಂಚೇನೇ ಕಟ್ಟಿದೀನಿ. ವಾಪಸ್ ಕೊಡಲ್ಲ ಅವರು."

"ಹೋದರೆ ಹೋಗಲಿ."

"ಹೋಗಲಿ ಅಂತೆ!" ಅವನು ದಡಕ್ಕನೆ ಎದ್ದು ನಿಂತ. "ಐದು ವರ್ಷದಿಂದ ಹೋಗ್ತಾನೇ ಇದೆ. ಡಾಕ್ಟರು, ಟೀಚರು, ಆಪರೇಷನ್ನು, ಮೆಷಿನ್ನು. ಈ ಕಿವುಡಿ ಹುಟ್ಟಿದಾಗಿನಿಂದ ನಾನು ನೆಟ್ಟಗೆ ಒಂದು ಉಸಿರು ಬಿಟ್ಟಿಲ್ಲ. ಇನ್ನು ಇವಳ ಕಿವಿಗೆ ಮೆತ್ತನೆ ಹಾಸಿಗೆ ಬೇರೆ ಹಾಸಬೇಕಾ?"

ಹೊಸ ಮಾತೇನಲ್ಲ. ಊಟಕ್ಕೆ ಕೂತಾಗ, ನೆಂಟರು ಬಂದಾಗ, ಮಗಳ ತಲೆ ಬಾಚುತ್ತಿರುವಾಗ, ಅವಳ ನೆತ್ತಿಯ ಮೇಲಿಂದಲೇ ಈ ಮಾತುಗಳು ಹಾರಾಡಿದ್ದವು. 'ಅವಳಿಗೇನು ಕೇಳಿಸುತ್ತಾ' ಎಂಬ ಧೈರ್ಯ. ಪ್ರತಿಸಲವೂ ಹೆಂಡತಿ ಒಲೆಯ ಕಡೆಗೋ ಬಟ್ಟೆಯ ಕಡೆಗೋ ತಿರುಗಿ ನುಂಗಿಕೊಂಡಿದ್ದಳು. ಈ ಸಲ ಅವನ ಕಡೆಗೇ ತಿರುಗಿದಳು. ದನಿ ಮಾತ್ರ ಏರಲಿಲ್ಲ.

"ಹೇಳಿ. ಇನ್ನೂ ಏನೇನಿದೆಯೋ ಹೇಳಿಬಿಡಿ. ಹೊಟ್ಟೆಯಲ್ಲಿರೋದನ್ನೆಲ್ಲ ಇವತ್ತೇ ಇವಳ ಮುಂದೆ ಕಕ್ಕಿ ಮುಗಿಸಿ. ನಾಳೆಯಿಂದ ಇವಳಿಗೆ ನೀವು ಕೇಳಿಸ್ತೀರಿ. ರೈಲು ಬೇಡ ಅಂದರೆ ಬೇರೆ ರೂಮು ಹಿಡೀತೀನಿ. ನಿಮ್ಮ ಬಾಯಿ ಬೇಡ ಅಂದರೆ ಇವಳನ್ನ ಯಾವ ರೂಮಿಗೆ ಕರ್ಕೊಂಡು ಹೋಗ್ಲಿ?"

"ಏಯ್, ನಾನೇನು ಅಂಥದ್ದು ಅಂದೆ ಈಗ..." ಅವನು ಗುಡುಗಿದ.

ಗುಬ್ಬಿ ಕುಣಿಯುವುದನ್ನು ಬಿಟ್ಟು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅಪ್ಪನ ಬಾಯಿ ಅಷ್ಟಗಲ ತೆರೆದದ್ದು ಕಂಡು ಮಂಚದ ತುದಿಗೆ ಬಂದಳು. ಎದುರಿನವರು ಮಾತಾಡುತ್ತಿದ್ದಾರೋ ಇಲ್ಲವೋ ತಿಳಿಯಲು ಗಂಟಲು ಅದುರುತ್ತಿದೆಯೇ ಎಂದು ಮುಟ್ಟಿ ನೋಡಬೇಕೆಂದು ಟೀಚರ್ ಕಲಿಸಿದ್ದರು. ಅಪ್ಪನ ಗಂಟಲಿಗೆ ಪುಟ್ಟ ಅಂಗೈ ಒತ್ತಿ, ಕಣ್ಣರಳಿಸಿ ಅವನನ್ನೇ ನೋಡಿದಳು.

ಅವನು ಥಟ್ಟನೆ ಬಾಯಿ ಮುಚ್ಚಿದ.

ಗುಬ್ಬಿ ಸ್ವಲ್ಪ ಹೊತ್ತು ಕಾದಳು. ಅಂಗೈ ಕೆಳಗೆ ಏನೂ ಅಲುಗಲಿಲ್ಲ. ಆಮೇಲೆ, ಮುಚ್ಚಿದ ಬಾಗಿಲು ತಟ್ಟುವವಳ ಹಾಗೆ, ಎರಡು ಬೆರಳಿಂದ ಆ ಗಂಟಲನ್ನು ಮೆಲ್ಲಗೆ ತಟ್ಟಿ, ಮತ್ತೆ ಅಂಗೈ ಇಟ್ಟಳು.