ಅವಳ ಮಾತು ಮುಗಿಯಲಿ

"ಲವಾನ್ ಪ್ರೂಯಿಟ್, ಸಾಕು, ಕೂತ್ಕೊಳ್ಳಿ" ಎಂದು ಮೇಯರ್ ಮರ್ಲ್ ಹಾಗನ್ ಮೇಜು ಕುಟ್ಟಿದಾಗ ಓರಿನ್ ಟೆಸ್ಡಾಲ್‌ಗೆ ಮೊದಲು ಆದದ್ದು ಸಂತೋಷವೇ. ಊರಸಭೆಯ ಮೈಕಿನ ಮುಂದೆ ನಿಂತು ನೆರೆಮನೆಯ ಆ ಹೆಂಗಸು ಆಗಿನಿಂದ ಅವನನ್ನೂ ಅವನ ಹಂದಿಗಳನ್ನೂ ಝಾಡಿಸುತ್ತಿದ್ದಳು. ನಾತಕ್ಕೆ ಕಿಟಕಿ ತೆರೆಯುವಂತಿಲ್ಲ, ಬಟ್ಟೆ ಒಣಹಾಕುವಂತಿಲ್ಲ. ತನ್ನ ಮಗಳ ಮದುವೆಯ ದಿನ ಬೇಕೆಂದೇ ಬೇಲಿಯ ಪಕ್ಕದ ಹೊಲಕ್ಕೆ ಹಂದಿಗೊಬ್ಬರ ಹರಡಿದ, ನೆಂಟರೆಲ್ಲ ಮೂಗು ಮುಚ್ಚಿಕೊಂಡು ಕೇಕ್ ತಿಂದರು ಎಂದಳು. ಬೇಕೆಂದೇ ಎನ್ನುವುದು ಶುದ್ಧ ಸುಳ್ಳು. ಅಂದು ಮದುವೆಯಿದೆ ಎಂಬುದೇ ಓರಿನ್‌ಗೆ ಗೊತ್ತಿರಲಿಲ್ಲ. ಕರೆದಿದ್ದರೆ ತಾನೆ!

ಮರ್ಲ್‌ಗೆ ಸಿಟ್ಟು ಬಂದದ್ದು ಮಾತ್ರ ಹಂದಿಗಳ ವಿಷಯಕ್ಕಲ್ಲ. ತನ್ನ ದೂರು ವರ್ಷದಿಂದ ಮೂಲೆಗೆ ಬಿದ್ದಿರುವುದೇಕೆಂದರೆ ಓರಿನ್‌ನ ಹೆಂಡತಿ ಮೇಯರ್ ಸಾಹೇಬರ ತಂಗಿ ಎಂದು ಲವಾನ್ ಹೇಳಿಬಿಟ್ಟಿದ್ದಳು. ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮೈಕಿನಲ್ಲಿ ಹೇಳಿದವರು ಯಾರೂ ಇರಲಿಲ್ಲ.

ತನ್ನ ಪಾಲಿನ ಸಮಯ ಇನ್ನೂ ಇದೆ ಎಂದು ಲವಾನ್ ಕದಲಲಿಲ್ಲ. ಮರ್ಲ್ ಬಾಗಿಲ ಬಳಿಯಿದ್ದ ಪೊಲೀಸಿನವನಿಗೆ ಸನ್ನೆ ಮಾಡಿದ. ಚಿಕ್ಕವನಿದ್ದಾಗ ಅವಳು ಓಡಿಸುತ್ತಿದ್ದ ಶಾಲೆ ಬಸ್ಸಿನಲ್ಲೇ ಓಡಾಡಿದವನು ಅವನು. ಹಿಂಜರಿಯುತ್ತ ಬಂದು ಅವಳ ಮೊಣಕೈ ಹಿಡಿದ. ಲವಾನ್‌ಳ ಕೈಚೀಲ ಭುಜದಿಂದ ಜಾರಿ ತೋಳಿಗೆ ನೇತುಬಿತ್ತು. ಕುಳಿತಿದ್ದ ಜನರೆಲ್ಲ ತಂತಮ್ಮ ಬೂಟು ನೋಡಿಕೊಳ್ಳತೊಡಗಿದರು.

ಓರಿನ್‌ನ ಸಂತೋಷ ಅಲ್ಲಿಗೆ ಇಳಿದುಹೋಯಿತು. ಶಾಲೆಯಲ್ಲಿ ಅವನಿಗೂ ಲವಾನ್‌ಗೂ ಒಂದೇ ತರಗತಿ. ಮಾತಾಡುವ ಹಕ್ಕನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿದ್ದರು. ಈಗ ಅದರ ಒಂದು ಸಾಲೂ ಅವನಿಗೆ ನೆನಪಿರಲಿಲ್ಲ. ಆದರೆ ಅದು ಬೇಡವೆಂದದ್ದು ಇದನ್ನೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಅವನು ಎದ್ದು ನಿಂತ.

"ಬಿಡಪ್ಪ ಅವಳನ್ನ. ಅವಳ ಮಾತು ಮುಗಿಯಲಿ."

ಮರ್ಲ್ ದನಿ ತಗ್ಗಿಸಿದ. "ಓರಿನ್, ಕೂತ್ಕೋ. ನಿನಗೋಸ್ಕರಾನೇ ಮಾಡ್ತಿರೋದು."

"ನನಗೋಸ್ಕರ ಬೇಡ. ಅವಳು ಹೇಳ್ತಿರೋದು ಮುಕ್ಕಾಲು ಸುಳ್ಳು. ಆದ್ರೆ ನನ್ನ ಬೈತಿದ್ದಾಗ ನೀನು ಆರಾಮಾಗಿ ಕೇಳ್ತಾ ಕೂತಿದ್ದೆ, ನಿನ್ನ ಹೆಸರು ಬಂದ ಕೂಡ್ಲೇ ಪೊಲೀಸ್ ಬಂದ. ಹೀಗಾದ್ರೆ ನಾಳೆ ನಾನು ನಿನ್ನ ಬೈಬೇಕಾದ್ರೆ ಎಲ್ಲಿಗೆ ಹೋಗ್ಲಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಒಬ್ಬ ಎದ್ದು, ಅವಳು ಮಾತಾಡಲಿ ಎಂದ. ಅವನ ಹಿಂದೆಯೇ ಇನ್ನೂ ಕೆಲವರು ಎದ್ದರು. ಊರಿನ ವಕೀಲ ಬಗ್ಗಿ ಮೇಯರ್ ಕಿವಿಯಲ್ಲಿ ಏನೋ ಹೇಳಿದ. ಮರ್ಲ್ ಮುಖ ಕೆಂಪಗೆ ಮಾಡಿಕೊಂಡು, ಮುಂದುವರಿಸಿ ಎನ್ನುವಂತೆ ಕೈಯಾಡಿಸಿದ. ಪೊಲೀಸಿನವನು ಬದುಕಿದೆನೆಂದು ಬಾಗಿಲಿಗೆ ಮರಳಿದ.

ಲವಾನ್ ಕೈಚೀಲ ಸರಿಮಾಡಿಕೊಂಡಳು. ಓರಿನ್‌ನ ಕಡೆ ತಿರುಗಿಯೂ ನೋಡದೆ, ಬಿಟ್ಟಲ್ಲಿಂದಲೇ ಶುರುಮಾಡಿದಳು. ದನಿಯ ಖಾರ ಎಳ್ಳಷ್ಟೂ ಇಳಿದಿರಲಿಲ್ಲ. ಕೊನೆಗೆ ಸದಸ್ಯರು ಕೈ ಎತ್ತಿದರು: ಮನೆಗಳ ಬೇಲಿಗೆ ತಾಗಿದ ಹೊಲದಲ್ಲಿ ಇನ್ನು ಹಂದಿಗೊಬ್ಬರ ಹರಡುವಂತಿಲ್ಲ. ಓರಿನ್‌ಗೆ ಗೊಬ್ಬರ ಹಾಕುವ ಹೊಲದ ಒಂದು ಪಟ್ಟಿ ಕೈತಪ್ಪಿದಂತಾಯಿತು. ಮನೆಯಲ್ಲಿ ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ಆದರೂ ಮನಸ್ಸು ಹೊರೆ ಇಳಿಸಿದವನ ಹಾಗೆ ಹಗುರಾಗಿತ್ತು.

ಹೊರಗೆ, ತನ್ನ ಕಾರಿನ ಪಕ್ಕ ಲವಾನ್ ನಿಂತಿದ್ದಳು.

"ನಾನು ಥ್ಯಾಂಕ್ಸ್ ಹೇಳ್ತೀನಿ ಅಂದ್ಕೋಬೇಡ."

"ಬೇಡ್ವೇ ಬೇಡ. ಆದ್ರೆ ಮದುವೆ ದಿನದ್ದು ನಾನು ಬೇಕಂತ ಮಾಡಿದ್ದಲ್ಲ, ಲವಾನ್. ಆ ಮಾತು ಸುಳ್ಳು."

ಲವಾನ್ ಕಾರಿನ ಬಾಗಿಲು ತೆರೆದಳು.

"ಹಾಗಾದ್ರೆ ಮುಂದಿನ ಸಭೇಲಿ ಎದ್ದು ನಿಂತು ಹೇಳು. ಯಾರಾದ್ರೂ ನಿನ್ನ ಬಾಯಿ ಮುಚ್ಸೋಕೆ ಬಂದ್ರೆ ನಾನಿರ್ತೀನಿ."